ಇನಾಸನ ಗುಂಡಿಯ ಸರದಿ

ಬೊಸ್ತ್ಯಾಂವನ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. ಕೊಳ್ಸಾರ್ ಊರಿಗೆಲ್ಲ ಇದು ಗೊತ್ತಿತ್ತು. ಯಾಕೆಂದರೆ ಹೋದಲ್ಲಿ ಬಂದಲ್ಲಿ ಅವನೇ ಬಾಯಿ ತೆರೆದು, ನಾಲಿಗೆಯಿಂದ ಅವನ್ನು ಹಿಂದೆ ಮುಂದೆ ತಳ್ಳಿ ತೋರಿಸುತ್ತಿದ್ದ. ಬೇರೆಯವರ ಹಲ್ಲು ಬಿದ್ದರೆ ಮಾಂಸ ಅಗಿಯುವುದಕ್ಕೆ ತೊಂದರೆ, ಅಷ್ಟೆ. ಟ್ರಂಪೆಟ್ ಊದುವವನ ಕಥೆ ಹಾಗಲ್ಲ. ತುಟಿಯ ಹಿಂದೆ ಆನಿಕೆಗೆ ಹಲ್ಲಿಲ್ಲದಿದ್ದರೆ ಗಾಳಿ ಸ್ವರವಾಗುವುದಿಲ್ಲ, ಬರೀ ಉಗುಳಾಗುತ್ತದೆ. ಕಟ್ಟಿಸಿದ ಹಲ್ಲಿಟ್ಟುಕೊಂಡು ಊದಿದ ಒಬ್ಬನನ್ನು ಅವನು ಕಣ್ಣಾರೆ ನೋಡಿದ್ದ. ಮದುವೆ ಮನೆಯ ಚಪ್ಪರದಲ್ಲಿ ಆ ಪುಣ್ಯಾತ್ಮನ ಹಲ್ಲಿನ ಸೆಟ್ಟು ಹಾರಿ ಮದುಮಗಳ ಕಾಲ ಬುಡಕ್ಕೆ ಬಿದ್ದಿತ್ತು.

"ಬೀಳೋದರೊಳಗೆ ಒಂದೇ ಒಂದು ಸಲ ನನ್ನ ಟ್ರಂಪೆಟ್ ಊದಬೇಕು," ಎನ್ನುತ್ತಿದ್ದ ಬೊಸ್ತ್ಯಾಂವ್. "ಫೆಸ್ತಿನ ಹಬ್ಬದ ದಿವಸ ಇಗರ್ಜಿ ಮೆಟ್ಟಿಲ ಮೇಲೆ ನಿಂತು ಊದಿ, ಆಮೇಲೆ ಬೇಕಾದ್ರೆ ಮೂವತ್ತೆರಡೂ ಉದುರಿ ಹೋಗಲಿ."

"ಮೂವತ್ತೆರಡು ಎಲ್ಲಿದೆಯೋ ನಿನಗೆ? ಎಣಿಸಿದ್ರೆ ಹನ್ನೊಂದೂ ದಾಟಲ್ಲ," ಎಂದು ಫೆನಿ ಅಂಗಡಿಯಲ್ಲಿ ಕೂತವರು ನಗುತ್ತಿದ್ದರು. "ಬ್ಯಾಂಡಿನಲ್ಲಿ ಹೊಸ ಟ್ರಂಪೆಟ್ ಕೊಡ್ತೀನಿ ಅಂತ ಬ್ಯಾಂಡ್ ಯಜಮಾನ ಫೆಲಿಸ್ ಬಡ್ಕೊಂಡ. ಅದನ್ನಾದ್ರೂ ಊದಬಾರದಾ?"

"ಅದು ಟ್ರಂಪೆಟ್ಟಾ? ಡಾಲ್ಡಾ ಡಬ್ಬದ ತಗಡು. ಬಸ್ಸಿನ ಹಾರ್ನು ಅದಕ್ಕಿಂತ ಶ್ರುತಿಯಾಗಿ ಕೂಗುತ್ತೆ."

ಹೀಗೆ ಅವನ ಬಾಯಿ. ಈ ಬಾಯಿಯಿಂದಾಗಿಯೇ ಅವನು ಕೆಟ್ಟ. ಆದರೆ ಇದೇ ಬಾಯಿ ಒಂದು ಕಾಲದಲ್ಲಿ ಸಾಷ್ಟಿ ಸೀಮೆಯ ಇಪ್ಪತ್ತು ಹಳ್ಳಿಗಳ ಮದುವೆ, ಫೆಸ್ತು, ಮರಣಗಳಿಗೆ ಬೇಕಾಗಿತ್ತು ಎನ್ನುವುದನ್ನೂ ಹೇಳಬೇಕು. ತೆಂಗಿನ ಮರ ಹತ್ತಿ ಸುರೆ ಇಳಿಸುವವನ ಮಗ ಅವನು. ಇಗರ್ಜಿ ಶಾಲೆಯ ಸಂಗೀತದ ಮೇಸ್ತ್ರಿ ಅವನನ್ನೂ, ಮೀನುಗಾರರ ಕೇರಿಯ ಇನಾಸನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ತಪ್ಪಿದಾಗ ಬೆತ್ತದಿಂದ ಬೆರಳ ಗಂಟಿಗೆ ಹೊಡೆದು ಕಲಿಸಿದ್ದರು. ಮೇಸ್ತ್ರಿಯ ಹತ್ತಿರ ಎರಡು ಟ್ರಂಪೆಟ್ ಇದ್ದವು. ಪ್ಯಾರಿಸಿನ ಒಂದೇ ಕಾರ್ಖಾನೆಯಲ್ಲಿ ಒಂದೇ ವರ್ಷ ಹುಟ್ಟಿದ ಅವಳಿಗಳು. ಪೋರ್ಚುಗೀಸರ ಕಾಲದಲ್ಲಿ ಹಡಗಿನಲ್ಲಿ ಬಂದಿಳಿದವು. ಸಾಯುವ ಮುಂಚೆ ಮೇಸ್ತ್ರಿ ಅವನ್ನು ಇಬ್ಬರಿಗೂ ಒಂದೊಂದು ಕೊಟ್ಟರು. ಇಬ್ಬರೂ ಅವನ್ನು ಹೊತ್ತು ಮುಂಬಯಿಗೆ ಹೋದರು, ಹೋಟೆಲುಗಳಲ್ಲಿ ಊದಿದರು, ಸಿನೆಮಾ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಊದಿದರು. ನೂರು ಜನರ ಕೆಲಸವನ್ನು ಒಂದು ಯಂತ್ರ ಮಾಡತೊಡಗಿದಾಗ ಇಬ್ಬರೂ ಊರಿಗೆ ಬಂದು ಫೆಲಿಸನ ಬ್ಯಾಂಡು ಸೇರಿದರು.

ಇಬ್ಬರೂ ಮಾತು ಬಿಟ್ಟದ್ದು ಒಂದು ಫೆಸ್ತಿನಲ್ಲಿ. ಪಾದ್ರಿಯ ಪ್ರವಚನಕ್ಕೆ ಮುಂಚೆ ಒಬ್ಬನೇ ಊದುವ ಭಾಗ ಬೊಸ್ತ್ಯಾಂವನದು. ಕೊನೆಯ ಮೇಲಿನ ಸ್ವರಕ್ಕೆ ಅವನ ತುಟಿ ಸೋತು ಬಿರುಕುಬಿಟ್ಟ ಸದ್ದು ಬಂತು. ಪಕ್ಕದಲ್ಲಿ ನಿಂತಿದ್ದ ಇನಾಸ್, ಕೇಳದೆ ಹೇಳದೆ, ಆ ಸ್ವರವನ್ನು ತಾನು ಎತ್ತಿಕೊಂಡು, ಎಷ್ಟು ಹೊತ್ತು ಹಿಡಿದನೆಂದರೆ ಪಾದ್ರಿ ವಿಗಾರ್ ಕೂಡ ತಲೆಯೆತ್ತಿ ನೋಡಿದರು. ಇಗರ್ಜಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ಆದರೂ ಯಾರೋ ತಟ್ಟಿದರು. ಮರ್ಯಾದೆ ಉಳಿಸಿದೆ ಅಂದುಕೊಂಡಿದ್ದ ಇನಾಸ್. ಬೊಸ್ತ್ಯಾಂವ್ ಅವತ್ತಿನಿಂದ ಅವನ ಮನೆಯ ಕಡೆ ಮುಖ ಹಾಕಿ ನಡೆಯಲಿಲ್ಲ. ಹೆಂಡತಿ ಪಿಯೆದಾದ್‌ಗೂ ತಾಕೀತು ಮಾಡಿದ: "ಆ ಮನೆಯ ಹೊಸ್ತಿಲು ತುಳಿದರೆ ಕಾಲು ಮುರೀತೀನಿ."

ಪಿಯೆದಾದ್ ಸಣ್ಣ ಜೀವ. ಎಲ್ಲದಕ್ಕೂ ಹೂಂ ಎನ್ನುವ ಹೆಂಗಸು. ಮಕ್ಕಳಾಗಲಿಲ್ಲ, ಅದಕ್ಕೂ ತಾನೇ ಕಾರಣ ಅಂದುಕೊಂಡು ಬದುಕಿದವಳು. ಅವಳಿಗಿದ್ದ ಒಂದೇ ಹೆಸರೆಂದರೆ ಹಿತ್ತಾಳೆ ಉಜ್ಜುವುದರಲ್ಲಿ. ಇಗರ್ಜಿಯ ದೀಪದ ಕಂಬ, ಧೂಪದ ಬಟ್ಟಲು, ಶ್ರೀಮಂತರ ಮನೆಯ ಹಂಡೆ, ಎಲ್ಲದಕ್ಕೂ ಅವಳನ್ನೇ ಕರೆಯುತ್ತಿದ್ದರು. ಬಿಂಬುಳಿಕಾಯಿ ಜಜ್ಜಿ, ಜರಡಿ ಹಿಡಿದ ಕೆಂಪು ಮರಳು ಸೇರಿಸಿ, ತೆಂಗಿನ ನಾರಿನಿಂದ ಅವಳು ತಿಕ್ಕಿದರೆ ಹಿತ್ತಾಳೆಯಲ್ಲಿ ಮುಖ ನೋಡಿ ಕ್ಷೌರ ಮಾಡಿಕೊಳ್ಳಬಹುದಿತ್ತು.

ಮೂರು ಮಳೆಗಾಲದ ಹಿಂದೆ ಇನಾಸ್ ಸತ್ತ. ಊಟಕ್ಕೆ ಕೂತವನು ಹಾಗೇ ತಟ್ಟೆಯ ಮೇಲೆ ಒರಗಿದ. ಬ್ಯಾಂಡಿನವನ ಮರಣಕ್ಕೆ ಬ್ಯಾಂಡು ಹೋಗಲೇಬೇಕು. ಬೊಸ್ತ್ಯಾಂವನೂ ಹೋದ, ಊದಿದ. ಇನಾಸನಿಗೂ ಮಕ್ಕಳಿರಲಿಲ್ಲ. ಅವನ ಹೆಂಡತಿ ಕರ್ಮೆಲಿನ್, "ಇದನ್ನಿಟ್ಟುಕೊಂಡು ನಾನೇನು ಗಂಜಿ ಕುಡೀಲಾ? ಅವನ ಜೊತೆಗೇ ಹೋಗಲಿ," ಎಂದು ಟ್ರಂಪೆಟ್ಟನ್ನು ಹೆಣದ ಎದೆಯ ಮೇಲೆ ಇಟ್ಟಿದ್ದಳು. ಅದು ಥಳಥಳ ಹೊಳೆಯುತ್ತಿತ್ತು. ಮುಚ್ಚಳ ಹಾಕುವ ಮುಂಚೆ ಅದನ್ನೆತ್ತಿ, ಮೇಜಿನ ಮೇಣಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ, ಅದರ ಮರದ ಪೆಟ್ಟಿಗೆಗೆ ಹಾಕಿ ಹೆಣದ ಕಾಲ ಹತ್ತಿರ ಇಟ್ಟಳು. ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಬೊಸ್ತ್ಯಾಂವ್ ಹೊಟ್ಟೆ ಉರಿದುಕೊಂಡ.

"ಮಣ್ಣಿಗೆ ಹೋಗೋ ವಸ್ತು ಚಿನ್ನದ ಹಾಗೆ ಹೊಳೀತಿತ್ತು," ಅಂದ ಆ ಸಂಜೆ, ಗಂಜಿ ಮುಂದೆ ಕೂತು. "ನನ್ನದು ನೋಡು, ಹೊಗೆ ಹಿಡಿದ ಕೆಟಲಿನ ಹಾಗೆ ಇದೆ. ಸತ್ತವನ ಹೆಂಡತಿಗೆ ಇರೋ ಕಾಳಜಿ ಬದುಕಿರೋನ ಹೆಂಡತಿಗಿಲ್ಲ."

ಪಿಯೆದಾದ್ ತಲೆ ತಗ್ಗಿಸಿ ಗಂಜಿ ಬಡಿಸಿದಳು. ಆದರೆ ಅವಳ ಮುಖ ಅರಳಿದ್ದನ್ನು ಅವನು ಕಂಡಿದ್ದ, ಕಂಡು ಬೈದಿದ್ದ: "ಯಾಕೆ ಹಲ್ಲು ಕಿರೀತೀಯ?"

ಆ ವರ್ಷದ ಫೆಸ್ತಿಗೆ ಮುಂಚೆ ಅವನು ಜ್ವರ ಬಂದು ಮಲಗಿದ್ದ. ಎದ್ದು ಕೂತ ದಿನ ಅವಳು ಟ್ರಂಪೆಟ್ಟನ್ನು ಬಿಳಿ ಬಟ್ಟೆಯ ಮೇಲಿಟ್ಟು ಮುಂದೆ ತಂದಳು. ಅದು ಸೂರ್ಯನ ಹಾಗಿತ್ತು. ಅವನಿಗೂ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ತುಟಿಗಿಟ್ಟು ಊದಿದ. ಬುಸ್ ಎಂದು ಗಾಳಿ ಹೋಯಿತು. ಮತ್ತೆ ಊದಿದ. ಸ್ವರ ಹುಟ್ಟುವ ಮೊದಲೇ ಪಕ್ಕದಿಂದ ಸೋರಿ ಹೋಗುತ್ತಿತ್ತು.

ಬೆರಳೊತ್ತುವ ಗುಂಡಿಗಳ ಕೆಳಗೆ, ಮೂರು ಕೊಳವೆಗಳೊಳಗೆ ಏರಿಳಿಯುವ ಮೂರು ತುಂಡುಗಳಿರುತ್ತವೆ, ಪಿಸ್ಟನ್ ಎನ್ನುತ್ತಾರೆ. ಅದಕ್ಕೂ ಕೊಳವೆಗೂ ನಡುವೆ ಒಂದು ತೊಟ್ಟು ಎಣ್ಣೆಗಷ್ಟೇ ಜಾಗ. ಪಿಯೆದಾದ್ ಅವನ್ನೂ ಬಿಚ್ಚಿ ತೆಗೆದಿದ್ದಳು. ಒಳಗಿನ ಕೊಳೆ ಬಿಟ್ಟು ಹೊರಗೆ ಮಾತ್ರ ಉಜ್ಜುವುದು ಸೋಮಾರಿಗಳ ಕೆಲಸ ಎಂದು ಅವಳಿಗೆ ಅವಳ ತಾಯಿ ಕಲಿಸಿದ್ದಳು. ಬಿಂಬುಳಿ, ಮರಳು, ನಾರು ಹಾಕಿ ಮೂರೂ ಪಿಸ್ಟನ್ನುಗಳನ್ನು ಬೆಳಗಿದ್ದಳು. ಕೊಳವೆಯೊಳಗೂ ನಾರು ತುರುಕಿ ತಿರುವಿದ್ದಳು. ಅರ್ಧ ಶತಮಾನ ಒಂದಕ್ಕೊಂದು ಸವೆದು ಕೂತಿದ್ದ ಮೈಯ ಮೇಲೆಲ್ಲ ಅಡ್ಡಡ್ಡ ಗೀರು.

ಅವನು ಅವಳನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವಳೇ ಪಕ್ಕದ ಮನೆಯವಳ ಹತ್ತಿರ ಅಂದಿದ್ದಳಂತೆ. ಜುಟ್ಟು ಹಿಡಿದು ಅವಳನ್ನು ಒಳಕೋಣೆಯಲ್ಲಿ ದೇವಮಾತೆಯ ಮೂರ್ತಿಯಿಟ್ಟ ಆಲ್ತಾರಿನ ಮುಂದೆ ಮೊಣಕಾಲೂರಿಸಿದ. ಮೇಣದಬತ್ತಿ ಹಚ್ಚಿದ.

"ಸಾಯ್ಬಿಣಿ ಮಾಯ್ ಮೇಲೆ ಕೈಯಿಟ್ಟು ಆಣೆ ಹಾಕು. ಇನ್ನು ಸಾಯೋ ತನಕ ಟ್ರಂಪೆಟ್ ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರದು. ನನ್ನದೂ ಅಲ್ಲ, ಊರಲ್ಲಿ ಯಾರದೂ ಅಲ್ಲ. ನನ್ನ ಹತ್ರವೂ ಅಲ್ಲ, ಪಾದ್ರಿ ಹತ್ರವೂ ಅಲ್ಲ. ನಾನು ಬಿಡಿಸೋ ತನಕ."

"ಒಂದು ಮಾತು ಹೇಳಿಬಿಡ್ತೀನಿ, ಆಮೇಲೆ..."

"ಆಣೆ ಹಾಕು ಅಂದೆ!"

ಅವಳು ಮಾತೆಯ ಪಾದದ ಮೇಲೆ ಕೈಯಿಟ್ಟು ಆಣೆ ಹಾಕಿದಳು. ಪಿಯೆದಾದ್‌ನಂಥವಳಿಗೆ ಸಾಯ್ಬಿಣಿಯ ಆಣೆ ಎಂದರೆ ಆಣೆ. ಲೋಕ ಮುಳುಗಿದರೂ ಮುರಿಯುವವಳಲ್ಲ.

ಅಲ್ಲಿಂದ ಶುರುವಾಯಿತು ಬೊಸ್ತ್ಯಾಂವನ ಅಲೆದಾಟ. ಮಡಗಾಂವಿನ ರಿಪೇರಿಯವನು ಪಿಸ್ಟನ್ನಿನ ಮೇಲೆ ಬೆರಳಾಡಿಸಿ, "ಯಾವ ಹಂದಿ ಇದನ್ನ ನೆಕ್ಕಿದ್ದು?" ಎಂದ. ಕಾರಿನ ಬಂಪರಿಗೆ ನಿಕ್ಕಲ್ ಹಾಕುವವನ ಹತ್ತಿರ ಹೋಗಿ ಮೇಲೊಂದು ಪದರ ಹಾಕಿಸಿದ; ಅದು ಎರಡು ವಾರದಲ್ಲಿ ಸಿಪ್ಪೆ ಎದ್ದಿತು. ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಗುಜರಿಯವರ ಮುಂದೆ ಕುಕ್ಕುರುಗಾಲಲ್ಲಿ ಕೂತು ನಲ್ಲಿ, ಬೀಗ, ಹಡಗಿನ ದೀಪಗಳ ರಾಶಿ ಕೆದಕಿದ. ಹಳೆಯ ಟ್ರಂಪೆಟ್ಟಿನ ಉಗುಳು ಬಿಡುವ ಕೀಲಿ ಅಲ್ಲಿ ಸಿಕ್ಕಿತು. ಸತ್ತ ಹಡಗಿನ ನೌಕರನೊಬ್ಬನ ಟ್ರಂಕಿನಲ್ಲಿ ಒಳ್ಳೆಯ ಬಾಯಿತುಂಡು ಸಿಕ್ಕಿತು. ಸ್ಪ್ರಿಂಗು ಸಿಕ್ಕಿತು, ಗುಂಡಿಗಳ ಮೇಲಿನ ಮುತ್ತಿನಚಿಪ್ಪಿನ ಬಿಲ್ಲೆ ಸಿಕ್ಕಿತು, ಬೆಂಡು ಸಿಕ್ಕಿತು. ಒಂದೊಂದನ್ನೇ ತಂದು ಕೂರಿಸಿದ. ಹೆಣಕ್ಕೆ ಸಿಂಗಾರ ಮಾಡಿದ ಹಾಗೆ ಎಲ್ಲ ಬಂತು, ಜೀವ ಒಂದು ಬರಲಿಲ್ಲ.

ಕೊನೆಗೆ ಮುಂಬಯಿಯ ಚೋರ್ ಬಜಾರಿಗೆ ಹೋದ. ಅಲ್ಲೊಬ್ಬ ಮುದುಕ ಮಿಯಾ, ಗೋಡೆಯ ತುಂಬ ಸತ್ತ ವಾದ್ಯಗಳನ್ನು ನೇತುಹಾಕಿಕೊಂಡು ಕೂತಿದ್ದ. ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ.

"ಈ ಕಾರ್ಖಾನೆ ಮುಚ್ಚಿ ಕಾಲವಾಯ್ತು ಭಾಯಿ. ಬೇರೆ ಕಂಪನಿಯದ್ದು ಕೂರಲ್ಲ. ಬರೀ ಪಿಸ್ಟನ್ ಸಿಕ್ಕರೂ ಸಾಲದು, ಕೊಳವೆ ಸಮೇತ ಬೇಕು. ಇದರ ಅವಳಿ ಎಲ್ಲಾದ್ರೂ ಇದ್ದರೆ ಅದರ ಎದೆ ಕಿತ್ತು ಇದಕ್ಕೆ ಬೆಸೀಬಹುದು. ಇದೆಯಾ ಅವಳಿ?"

"ಇದೆ," ಎಂದ ಬೊಸ್ತ್ಯಾಂವ್.

"ಎಲ್ಲಿ?"

"ನಮ್ಮೂರಲ್ಲೇ. ಮಲಗಿದೆ."

ಊರಿಗೆ ಬಂದವನೇ ಪಾದ್ರಿ ವಿಗಾರರ ಹತ್ತಿರ ಓಡಿದ. ಇನಾಸನ ಗುಂಡಿ ತೆಗೆಸಬೇಕು ಎಂದ. ಪಾದ್ರಿ ಕೂತಲ್ಲಿಂದ ಎದ್ದರು. "ಒಂದು ಆಟದ ಸಾಮಾನಿಗಾಗಿ ಸತ್ತವನ ನಿದ್ದೆ ಕೆಡಿಸಬೇಕಾ? ಸರದಿ ಬಂದಾಗ ತಾನೇ ತೆಗೀತಾರೆ. ಹೋಗು, ಹೋಗಿ ಪಾಪನಿವೇದನೆ ಮಾಡು."

ಸರದಿಯ ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಕೊಳ್ಸಾರಿನ ಸಿಮಿತ್ರಿ ಚಿಕ್ಕದು. ಸ್ವಂತ ಸಮಾಧಿ ಕಟ್ಟಿಸಿಕೊಳ್ಳಲಾಗದ ಬಡವರಿಗೆ ಗೋಡೆಯ ಪಕ್ಕದ ಸಾಲು. ಸಾಲು ಮುಗಿದರೆ ಮತ್ತೆ ಮೊದಲಿನಿಂದ: ಹಳೆಯ ಗುಂಡಿ ತೆಗೆದು, ಎಲುಬು ಆರಿಸಿ ಗೋಡೆಯ ಗೂಡಿಗೆ ಹಾಕಿ, ಹೊಸ ಹೆಣ ಇಳಿಸುವುದು. ಗುಂಡಿ ತೋಡುವ ರುಜಾರನಿಗೆ ಒಂದು ಶೀಶೆ ಫೆನಿ ಕುಡಿಸಿ ಬೊಸ್ತ್ಯಾಂವ್ ಕೇಳಿದ: "ಇನಾಸನ ಗುಂಡಿಗೆ ಇನ್ನೆಷ್ಟಿದೆ?"

ರುಜಾರ್ ಬೆರಳು ಮಡಚಿದ. "ಮೂರು ಜನ ಹೋಗಬೇಕು. ನಾಲ್ಕನೆಯವರಿಗೆ ಇನಾಸನ ಗುಂಡಿ."

"ಕರ್ಮೆಲಿನ್‌ನ ಒಂದು ಮಾತು ಕೇಳಿ ನೋಡು. ಎಲುಬು ಅವಳಿಗಿರಲಿ, ಪೆಟ್ಟಿಗೆ ನನಗೆ ಕೊಡಲಿ ಅಂತ."

ರುಜಾರ್ ಹೋಗಿ ಕೇಳಿ ಬಂದ. "ತಗೊಳ್ಳಲಿ ಅಂದಳು. ಮಣ್ಣಿಗೆ ಕೊಟ್ಟದ್ದು, ಮಣ್ಣು ಬೇಡ ಅಂದ್ರೆ ಬೊಸ್ತ್ಯಾಂವ್ ತಿನ್ನಲಿ ಅಂದಳು."

ಆಮೇಲೆ ಈ ಮನುಷ್ಯ ಏನಾದ ಎಂದು ಹೇಳುವುದಕ್ಕೆ ನನಗೇ ನಾಚಿಕೆ. ಊರಲ್ಲಿ ಯಾರಿಗೆ ಕೆಮ್ಮು, ಯಾರಿಗೆ ಕಾಲು ಬಾತಿದೆ, ಯಾರು ಎರಡು ಭಾನುವಾರ ಇಗರ್ಜಿಗೆ ಬಂದಿಲ್ಲ, ಎಲ್ಲ ಅವನ ನಾಲಿಗೆ ತುದಿಯಲ್ಲಿ. ಹಿಂದೆ ಯಾರ ಮನೆಗೂ ಹೋಗದವನು ಈಗ ಬಿಸ್ಕತ್ತಿನ ಪೊಟ್ಟಣ ಹಿಡಿದು ರೋಗಿಗಳನ್ನು ನೋಡಲು ಹೋಗುತ್ತಿದ್ದ. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ನೋಡಿದ್ದೇವೆ, ಇವನು ಬೆಂಕಿ ಯಾವಾಗ ಹೊತ್ತುತ್ತದೆ ಎಂದು ಜಗಲಿಯಲ್ಲಿ ಕಾಯುತ್ತಿದ್ದ. ಅವನು ಗೇಟು ತೆರೆದ ಸದ್ದು ಕೇಳಿದರೆ ಒಳಗಿನವರು, "ಬೊಸ್ತ್ಯಾಂವ್ ಬಂದ, ಎದ್ದು ಕೂತ್ಕೊ ಅಜ್ಜಿ, ನಗು!" ಎನ್ನುತ್ತಿದ್ದರು.

ಮೊದಲು ರೊಟ್ಟಿ ಸುಡುವವನ ತಾಯಿ ಹೋದಳು. ಆಮೇಲೆ ಎಷ್ಟು ಕಾಲ ಯಾರೂ ಇಲ್ಲ. ಆ ಮಳೆಗಾಲ ಕೊಳ್ಸಾರಿನವರೆಲ್ಲ ಹಠ ಹಿಡಿದ ಹಾಗೆ ಗಟ್ಟಿಮುಟ್ಟಾಗಿದ್ದರು. ಬೊಸ್ತ್ಯಾಂವನ ಹಲ್ಲು ಇನ್ನಷ್ಟು ಸಡಿಲವಾಯಿತು. ಪಾಂವನ್ನು ಚಹಾದಲ್ಲಿ ನೆನೆಸಿ, ಬಾಯಿಯ ಮೂಲೆಯಿಂದ ನುಂಗುತ್ತಿದ್ದ. ಎರಡನೆಯದಾಗಿ ತೆಂಗಿನಮರದಿಂದ ಬಿದ್ದು ಒಬ್ಬ ಹೋದ. ಮೂವತ್ತು ದಾಟದ ವಯಸ್ಸು, ಎರಡು ಕೂಸು. ಆ ಮರಣದ ಮೆರವಣಿಗೆಯಲ್ಲಿ ಬೊಸ್ತ್ಯಾಂವ್ ರುಜಾರನ ಕಡೆ ನೋಡಿ ಹುಬ್ಬು ಹಾರಿಸಿದ್ದನ್ನು ಫೆಲಿಸ್ ಕಂಡ.

"ನಿನಗೆ ನರಕವೂ ಸಾಲದು ಇರ್ಮಾಂವ್," ಎಂದ ಫೆಲಿಸ್, ಅಣ್ಣ ಎಂದು ಕರೆಯುತ್ತಲೇ.

"ನಾನೇನು ಮರ ಅಲ್ಲಾಡಿಸಿದೆನಾ?"

ಮೂರನೆಯ ಲೆಕ್ಕಕ್ಕೆ ಅವನು ಕಣ್ಣಿಟ್ಟದ್ದು ಮಿಂಗೆಲ್ ಎಂಬ ಮುದುಕ ನೌಕರನ ಮೇಲೆ. ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಬೊಸ್ತ್ಯಾಂವ್ ಬಿಸ್ಕತ್ತು ತಂದಾಗಲೆಲ್ಲ ಮಿಂಗೆಲ್ ಪೂರಾ ಪೊಟ್ಟಣ ತಿಂದು, "ಇನ್ನೂ ತಾ. ನಿನ್ನ ಪಿಸ್ಟನ್‌ಗೋಸ್ಕರ ನಾನು ಸಾಯಲ್ಲ ಬೋಳೀಮಗನೆ," ಎನ್ನುತ್ತಿದ್ದ. ಹಾಗೆ ಹೇಳಿಯೇ ಅವನು ಎದ್ದು ಓಡಾಡತೊಡಗಿದ.

ಅದೇ ದಿನಗಳಲ್ಲಿ ಪಿಯೆದಾದ್‌ಗೆ ಹೊಟ್ಟೆನೋವು ಶುರುವಾಯಿತು. ಮೊದಲು ವಾಯು ಎಂದಳು, ಓಮದ ನೀರು ಕುಡಿದಳು. ಆಮೇಲೆ ಅನ್ನ ಇಳಿಯಲಿಲ್ಲ. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಉಬ್ಬಿತು. ಊರ ದಾಕ್ತರ ನೋಡಿ, "ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಮಾಡಬೇಡಿ," ಎಂದರು. ಬೊಸ್ತ್ಯಾಂವ್ ಹೂಂ ಎಂದ. ಮಳೆ ನಿಲ್ಲಲಿ ಎಂದ. ಬಸ್ಸಿನಲ್ಲಿ ಅವಳಿಗೆ ಕುಲುಕಾಟ ಆದೀತು, ಸ್ವಲ್ಪ ಚೇತರಿಸಿಕೊಳ್ಳಲಿ ಎಂದ. ಅಷ್ಟರಲ್ಲಿ ಮಿಂಗೆಲ್ ಬಾವಿಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿ ತಲೆ ಒಡೆದುಕೊಂಡು ಸತ್ತ.

ಆ ಮರಣ ಮುಗಿಸಿ ಬಂದಾಗ ಅವಳು ಮುಂದಿನ ಕೋಣೆಯ ಬೆಂಚಿನ ಮೇಲೆ ಮಲಗಿದ್ದಳು. ಕಣ್ಣು ತೆರೆದೇ ಇದ್ದವು.

"ಇನ್ನೊಬ್ಬರು ಹೋದರೆ ಸಾಕಲ್ಲಾ?" ಎಂದಳು.

"ಏನು?"

"ಊರಿಗೆಲ್ಲ ಗೊತ್ತಿರೋದು ನನಗೆ ಗೊತ್ತಿರಲ್ವಾ? ಮುಂದಿನದು ಅವನ ಗುಂಡಿ."

ಅವನು ಟೋಪಿ ತೆಗೆದು ಮೊಳೆಗೆ ನೇತುಹಾಕಿದ.

"ಕೇಳಿದ್ರಾ? ನನ್ನ ಆಣೆ ಬಿಡಿಸಿ. ಒಂದು ಮಾತು ಹೇಳೋದಿದೆ. ಒಂದೇ ಮಾತು."

"ಕ್ಷಮೆ ಕೇಳಬೇಕಾ? ಬೇಡ. ಕ್ಷಮೆಯಿಂದ ಪಿಸ್ಟನ್ ಬರಲ್ಲ."

"ಕ್ಷಮೆ ಅಲ್ಲ. ನಿಮಗೇ ಬೇಕಾಗಿರೋ ಮಾತು."

"ನಿನ್ನ ಬಾಯಿಂದ ನನಗೆ ಬೇಕಾಗಿರೋದು ಏನೂ ಇಲ್ಲ. ಸುಮ್ಮನೆ ಮಲಗು."

ಒಂದು ಮಾತು. ಬಾಯಿ ತೆರೆದು "ಹೂಂ" ಅಂದಿದ್ದರೆ ಮುಗಿದಿತ್ತು. ಹೂಂ ಅನ್ನುವುದಕ್ಕೆ ಹಲ್ಲು ಕೂಡ ಬೇಕಾಗಿರಲಿಲ್ಲ ಪಾಪಿಗೆ.

ಬೇಕೆಂದೇ ಕೊಂದನೇ? ಇಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಅವಳಿಗೆ ಗಂಜಿ ಕುಡಿಸಿದ, ಬೆನ್ನೊರೆಸಿದ, ರಾತ್ರಿ ಎದ್ದು ನೀರು ಕೊಟ್ಟ. ಅವಸರ ಮಾತ್ರ ಮಾಡಲಿಲ್ಲ. ಒಂದು ಬೆಳಿಗ್ಗೆ ಅವಳ ಕೈ ಹಿಡಿದು ಕೂತಿದ್ದಾಗ, ಫೆಸ್ತಿಗೆ ಇನ್ನೆಷ್ಟು ವಾರ ಉಳಿದಿದೆ, ಕೊಳವೆ ಬೆಸೆಯಲು ಎಷ್ಟು ಬೇಕು ಎಂದು ತನ್ನ ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತಿರುವುದು ಅವನಿಗೆ ಗೊತ್ತಾಯಿತು. ಕೈ ಸುಟ್ಟವನ ಹಾಗೆ ಎದ್ದು, ಅದೇ ದಿನ ಬಾಡಿಗೆ ಕಾರು ಮಾಡಿ ಆಸ್ಪತ್ರೆಗೆ ಒಯ್ದ. ಅಲ್ಲಿಯವರು ಮೊದಲೇ ತರಬೇಕಿತ್ತು ಎಂದರು. ಎಲ್ಲ ಕಡೆ ಹಬ್ಬಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು.

ವಾಪಸು ಬರುವ ದಾರಿಯಲ್ಲಿ ಅವಳು ಅವನ ತೋಳು ಹಿಡಿದುಕೊಂಡಿದ್ದಳು. ಆ ಕೈಯಲ್ಲಿ ಬಲ ಎಲ್ಲಿಂದ ಬಂತೋ.

"ಬಿಡಿಸ್ತೀರಾ?"

"ಮನೆಗೆ ಹೋಗೋಣ. ಆಮೇಲೆ ನೋಡೋಣ."

"ಆಮೇಲೆ ಯಾವಾಗ?"

ಅವನು ಕಿಟಕಿಯ ಹೊರಗೆ ನೋಡಿದ. ಅವಳನ್ನು ಆಗ ಕ್ಷಮಿಸಿಬಿಟ್ಟರೆ ತನ್ನ ಸಿಟ್ಟು ಹೋಗುತ್ತದೆ, ಸಿಟ್ಟು ಹೋದರೆ ತನ್ನ ತಪ್ಪಷ್ಟೇ ಉಳಿಯುತ್ತದೆ ಎಂಬ ಹೆದರಿಕೆ ಅವನಿಗೆ. ಹಾಗಾಗಿ ಸಿಟ್ಟನ್ನೇ ಗಟ್ಟಿಯಾಗಿ ಹಿಡಿದು ಕೂತ. ಕೊನೆಯ ಎರಡು ದಿನ ಅವಳಿಗೆ ಮಾತು ನಿಂತಿತ್ತು. ಪಾದ್ರಿ ಬಂದು ಕೊನೆಗಾಲದ ಪವಿತ್ರ ಎಣ್ಣೆ ಹಚ್ಚಿದರು. ಅವಳು ಗಂಡನ ಕಡೆ ನೋಡುತ್ತ, ಬಲಗೈ ಮುಷ್ಟಿಯನ್ನು ಎಡ ಅಂಗೈ ಮೇಲೆ ಸುತ್ತ ಸುತ್ತ ಉಜ್ಜಿ, ಬಾಗಿಲಾಚೆ ಮೀನುಗಾರರ ಕೇರಿಯ ಕಡೆ ಬೆರಳು ತೋರಿಸಿದಳು. ಮತ್ತೆ ಉಜ್ಜಿದಳು, ಮತ್ತೆ ತೋರಿಸಿದಳು. ತಪ್ಪಾಯಿತು ಎನ್ನುತ್ತಿದ್ದಾಳೆ ಪಾಪ ಎಂದರು ಹೆಂಗಸರು. ನಸುಕಿಗೆ ಮುಂಚೆ ಹೋದಳು.

ಅವಳನ್ನು ಮದುವೆಯ ಸೀರೆಯುಡಿಸಿ ಪೆಟ್ಟಿಗೆಯಲ್ಲಿ ಮಲಗಿಸುವ ಹೊತ್ತಿಗೆ ಮನೆಯಲ್ಲಿ ಗಂಡನಿರಲಿಲ್ಲ. ಗುದ್ದಲಿ ಸದ್ದು ಸಿಮಿತ್ರಿಯಿಂದ ಮನೆಯವರೆಗೂ ಕೇಳುತ್ತಿತ್ತು. ಆ ಸದ್ದಿಗೆ ಅವನಿಗೆ ಕೂರಲಾಗಲಿಲ್ಲ. ಕಪ್ಪು ಕೋಟು ತೊಟ್ಟವನು ಹಾಗೆಯೇ ಎದ್ದು ನಡೆದ.

"ಹೆಣ ಮನೇಲಿ, ಗಂಡ ಗುಂಡೀಲಿ," ಎಂದಳು ಪಕ್ಕದ ಮನೆಯವಳು. "ದೇವಾ ಸಾಯ್ಬಾ, ಇಂಥದ್ದನ್ನೂ ನೋಡಬೇಕಾಯ್ತಲ್ಲ."

ಗುಂಡಿಯ ಅಂಚಿನಲ್ಲಿ ಕರ್ಮೆಲಿನ್ ಎಲುಬು ಕಟ್ಟಲು ಬಿಳಿ ಬಟ್ಟೆ ಹಿಡಿದು ನಿಂತಿದ್ದಳು. ರುಜಾರ್ ಸೊಂಟದವರೆಗೆ ಇಳಿದಿದ್ದ. ಒಂದೊಂದಾಗಿ ಎಲುಬು ಮೇಲೆ ಬಂದವು. ಬೊಸ್ತ್ಯಾಂವ್ ಅವನ್ನು ನೋಡಲಿಲ್ಲ. ಗುಂಡಿಯ ಆ ತುದಿಯಲ್ಲಿ, ಕಾಲಿದ್ದ ಕಡೆ, ಗುದ್ದಲಿ ಟಕ್ ಎಂದಾಗ ಅವನು ಮೊಣಕಾಲೂರಿ ಕೈ ಚಾಚಿದ. "ಮೆಲ್ಲಗೆ, ಮೆಲ್ಲಗೆ ಕಣೋ! ಏಟು ಬಿದ್ದರೆ ಕೊಂದುಬಿಡ್ತೀನಿ!"

ಮರದ ಪೆಟ್ಟಿಗೆ ಕೊಳೆತು ಕೈಯಲ್ಲೇ ಪುಡಿಯಾಯಿತು. ಆದರೆ ಮೇಣಬಟ್ಟೆ ಗಟ್ಟಿಯಿತ್ತು. ಎರಡು ಸುತ್ತು ಬಿಚ್ಚಿದರೆ ಒಳಗೆ ಟ್ರಂಪೆಟ್, ಅಲ್ಲಲ್ಲಿ ಹಸಿರು ಕಟ್ಟಿದೆ, ಅಷ್ಟೆ. ಒಂದು ತಗ್ಗಿಲ್ಲ, ಒಂದು ಬಿರುಕಿಲ್ಲ. ಬೊಸ್ತ್ಯಾಂವ್ ನಕ್ಕ. ಹೆಂಡತಿಯ ಮರಣದ ದಿನ, ಊರ ಸಿಮಿತ್ರಿಯಲ್ಲಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಜೇಬಿನಿಂದ ಎಣ್ಣೆಯ ಶೀಶೆ ತೆಗೆದ. ತಂದಿದ್ದ ನೋಡಿ, ಜೇಬಿನಲ್ಲಿಟ್ಟುಕೊಂಡು ಬಂದಿದ್ದ! ನಡುವಿನ ಪಿಸ್ಟನ್ನಿನ ಮುಚ್ಚಳದ ಸುತ್ತ ನಾಲ್ಕು ತೊಟ್ಟು ಬಿಟ್ಟು, ಕರವಸ್ತ್ರ ಸುತ್ತಿ, ಉಸಿರು ಬಿಗಿಹಿಡಿದು ತಿರುವಿದ. ಮೊದಲು ಅಲ್ಲಾಡಲಿಲ್ಲ. ಆಮೇಲೆ ಕರ್ರ್ ಎಂದು ಸಡಿಲಾಗಿ, ಪಿಸ್ಟನ್ ಮೇಲೆ ಬಂತು.

ಕೋಟಿನ ತೋಳಿನಿಂದ ಅದನ್ನು ಒರೆಸಿ ಬಿಸಿಲಿಗೆ ಹಿಡಿದ.

ಮೈ ತುಂಬ ಅಡ್ಡಡ್ಡ ಗೀರು. ಸುತ್ತ ಸುತ್ತ, ಒತ್ತೊತ್ತಾಗಿ, ಮೇಲಿಂದ ಕೆಳಗಿನವರೆಗೆ, ಒಂದು ಕೂದಲಷ್ಟೂ ಜಾಗ ಬಿಡದೆ. ಆ ಕೈಗೆಲಸ ಅವನಿಗೆ ಗುರುತಿತ್ತು. ಮೂರು ವರ್ಷದಿಂದ ದಿನಾ ನೋಡಿದ್ದ. ಎರಡನೆಯದನ್ನು ತಿರುವಿದ, ಮೂರನೆಯದನ್ನು ತಿರುವಿದ. ಎಲ್ಲವೂ ಅದೇ.

"ಇದನ್ನ ಯಾರು..." ಎಂದ.

ಕರ್ಮೆಲಿನ್ ಎಲುಬಿನ ಗಂಟು ಕಟ್ಟುತ್ತಿದ್ದವಳು ತಲೆಯೆತ್ತಿದಳು. "ನಿನ್ನ ಹೆಂಡತೀನೇ. ಇನಾಸ್ ಸತ್ತ ರಾತ್ರಿ ಹಿತ್ತಲ ಬಾಗಿಲಿಂದ ಬಂದಳು ಪಾಪ, ನಿನಗೆ ಹೆದರಿ. ಹೋಗುವಾಗಲಾದ್ರೂ ಹೊಳೀತಾ ಹೋಗಲಿ ಅಂತ ಬೆಳಗಾಗೋ ತನಕ ಕೂತು ತಿಕ್ಕಿದಳು. ಒಳಗೆಲ್ಲ ಬಿಚ್ಚಿ ತಿಕ್ಕಿದಳು. ಎಲ್ಲರೂ ಹೊಗಳಿದರು. ನೀನೂ ಹೊಗಳಿದೆಯಂತೆ, ಕುಣಿದಾಡಿಬಿಟ್ಟಿದ್ದಳು, ಅವರದ್ದನ್ನೂ ಹೀಗೇ ಮಾಡಿಕೊಡ್ತೀನಿ ಅಂತ." ಆಮೇಲೆ ಅವಳು ಅವನ ಮುಖ ನೋಡಿದಳು. "ಯಾಕೆ? ಇಷ್ಟು ವರ್ಷ ಒಂದು ದಿನವೂ ನಿನಗೆ ಹೇಳಿರಲಿಲ್ವಾ?"

ರುಜಾರ್ ಗುಂಡಿಯಿಂದ ಮೇಲೆ ಬಂದು ಕೈ ಕೊಡವಿಕೊಂಡ. "ಸಾಮಾನು ಬಂತಲ್ಲ ಬೊಸ್ತ್ಯಾಂವ್. ಇನ್ನು ನಡಿ, ಗುಂಡಿ ತಯಾರಿದೆ."

ಬೊಸ್ತ್ಯಾಂವ್ ಟ್ರಂಪೆಟ್ಟನ್ನು ಮಣ್ಣಿನ ಗುಡ್ಡೆಯ ಮೇಲೆಯೇ ಬಿಟ್ಟು ನಡೆದ. ಅಂಗಳದಲ್ಲಿ ಫೆಲಿಸನ ಬ್ಯಾಂಡಿನವರು ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತಿದ್ದರು, ದಾರಿ ಬಿಟ್ಟರು. ಒಳಗೆ ಹೆಂಗಸರು ಜಪಸರ ಹೇಳುತ್ತಿದ್ದರು. ಅವನು ಅವರ ನಡುವೆ ನುಗ್ಗಿ, ಪೆಟ್ಟಿಗೆಯ ಪಕ್ಕ ಮೊಣಕಾಲೂರಿ, ಕೆಂಪು ಮಣ್ಣು ಹತ್ತಿದ ಕೈಯಿಂದ ಪಿಯೆದಾದ್‌ಳ ಮುಖ ತನ್ನ ಕಡೆ ತಿರುಗಿಸಿದ. ಬಾಯಿ ಅವಳ ಕಿವಿಗೆ ತಾಗುವಷ್ಟು ಬಗ್ಗಿದ.

"ಬಿಡಿಸಿದೆ," ಎಂದ. "ಆಣೆ ಬಿಡಿಸಿದೆ ಕಣೆ. ಹೇಳು."

ಜಪ ನಿಂತಿತು. ಅಷ್ಟು ಹೊತ್ತು ಅವನನ್ನು ಶಪಿಸುತ್ತಿದ್ದ ಪಕ್ಕದ ಮನೆಯವಳೂ ಸೆರಗಿನಿಂದ ಕಣ್ಣೊತ್ತಿಕೊಂಡಳು. ಒಳಗೊಳಗೆ ಎಷ್ಟು ಪ್ರೀತಿ ಇತ್ತು ನೋಡಿ ಎಂದು ಪಿಸುಗುಟ್ಟಿದಳು. ಪಾದ್ರಿ ವಿಗಾರ್ ಬಾಗಿಲಲ್ಲಿ ಬಂದು ನಿಂತರು. ಫೆಲಿಸ್ ಮುಚ್ಚಳ ಹಿಡಿದು ಮುಂದೆ ಬಂದ.

"ಹೊತ್ತಾಯ್ತು ಇರ್ಮಾಂವ್. ಏಳು, ಮುಚ್ಚಬೇಕು."

"ತಡಿ," ಎಂದ ಬೊಸ್ತ್ಯಾಂವ್, ತಲೆಯೆತ್ತದೆ. "ಅವಳೇನೋ ಒಂದು ಮಾತು ಹೇಳೋದಿದೆಯಂತೆ."